ಅಂಗ್ಕೋರ್‌ಗೆ ಹೊರಟ ಮಗಳಿಗೊಂದು ಪತ್ರ

ಹಾವೇರಿ

ಪ್ರೀತಿಯ ಮಗಳೇ, ಆಶೀರ್ವಾದಗಳು.

ನೀನು ಮೊಬೈಲ್‌ಗೆ ಕಳಿಸಿದ ಪಟ್ಟಿ ನೋಡಿದೆ. ಮೂರು ದಿನಕ್ಕೆ ಹದಿನಾಲ್ಕು ಗುಡಿ ಬರೆದಿದ್ದೀಯ, ಊಟಕ್ಕೆಂದು ಒಂದು ತಾಸನ್ನೂ ಬಿಟ್ಟಿಲ್ಲ. ಹೋದ ಜನವರಿಯಲ್ಲಿ ನಿನ್ನ ಅಪ್ಪ ಮತ್ತು ನಾನು ಕಾಂಬೋಡಿಯಾಕ್ಕೆ ಹೋದಾಗ ಮೊದಲೆರಡು ದಿನ ಮಾಡಿದ್ದೂ ಇದನ್ನೇ. ಫೋನಿನಲ್ಲಿ ಹೇಳಿದರೆ ‘ಆಯಿತವ್ವಾ, ಆಯಿತು’ ಎಂದು ಇಟ್ಟುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಆ ಪಟ್ಟಿಯಲ್ಲಿ ಅರ್ಧ ಹೊಡೆದು ಹಾಕು. ಉಳಿದ ಹೊತ್ತಿನಲ್ಲಿ ಅಲ್ಲಿಯ ಜನ ಉಣ್ಣುವುದನ್ನು ಅವರ ನಡುವೆ ಕುಳಿತು ಉಣ್ಣು.

ಅಂಗ್ಕೋರ್ ವಾಟ್‌ನಲ್ಲಿ ಸೂರ್ಯೋದಯ ನೋಡಲು ನಸುಕಿನಲ್ಲೇ ಎಲ್ಲರೂ ಕೊಳದ ದಂಡೆಗೆ ಬಂದು ನಿಲ್ಲುತ್ತಾರೆ. ನೀನೂ ನಿಲ್ಲು. ಆದರೆ ಆ ಗುಡಿಯ ಮುಖ ಪಶ್ಚಿಮಕ್ಕಿದೆ, ನಮ್ಮ ಪುರಸಿದ್ಧೇಶ್ವರನ ಗುಡಿಯ ಹಾಗೆ. ಬೆಳಿಗ್ಗೆ ಮುಂಭಾಗವೆಲ್ಲ ನೆರಳಿನಲ್ಲಿರುತ್ತದೆ, ಶಿಖರಗಳ ಕಪ್ಪು ಆಕಾರವಷ್ಟೇ ಕಾಣುತ್ತದೆ. ಹೊತ್ತು ಮೇಲೇರಿದ ಕೂಡಲೇ ಜನ ನಾಷ್ಟಾಕ್ಕೆ ಚದುರುತ್ತಾರೆ. ಆಗ ನೀನು ಸುತ್ತಿಕೊಂಡು ಹಿಂದಿನ ಪೂರ್ವದ ಮೊಗಸಾಲೆಗೆ ಹೋಗು. ಅಲ್ಲಿ ಸುಮಾರು 49 ಮೀಟರ್ ಉದ್ದಕ್ಕೆ ಸಮುದ್ರಮಥನ ಕೆತ್ತಿದ್ದಾರೆ, ಎಳೆಬಿಸಿಲು ಅದರತ್ತಲೇ ಬರುತ್ತದೆ. ವಾಸುಕಿಯನ್ನು ಜಗ್ಗುವ ದೇವ ದಾನವರನ್ನು ಎಲ್ಲರೂ ನೋಡುತ್ತಾರೆ. ನೀನು ಕೆಳಗೆ ನೋಡು. ನೀರಿನಲ್ಲಿ ಮೀನು, ಮೊಸಳೆಗಳಿವೆ. ದೂರದವು ಇಡಿಯಾಗಿವೆ, ಕಡೆಗೋಲಿನ ಹತ್ತಿರ ಬಂದವು ತುಂಡುತುಂಡಾಗಿವೆ. ಮಜ್ಜಿಗೆ ಕಡೆಯುವಾಗ ಗಡಿಗೆಯ ಅಂಚಿನಲ್ಲಿ ಅಲುಗಾಟ ಕಡಿಮೆ, ನಡುವೆ ರಭಸ. ಆ ಶಿಲ್ಪಿ ಕಡೆಯುವವರ ಪಕ್ಕದಲ್ಲಿ ಕುಳಿತು ನೋಡಿದ್ದಾನೆ ಎಂದು ನನಗೆ ಅಲ್ಲೇ ಅನ್ನಿಸಿತು, ಬಹಳ ಹೊತ್ತು ಅಲ್ಲಿಂದ ಕದಲಲಿಲ್ಲ.

ಇಟಗಿಯಲ್ಲಿ ಮಹಾದೇವ ದಂಡನಾಯಕ ಗುಡಿ ಕಟ್ಟಿಸಿದ್ದು 1112ರಲ್ಲಿ. ಮರುವರ್ಷವೇ ಕಾಂಬೋಡಿಯಾದಲ್ಲಿ ಎರಡನೆಯ ಸೂರ್ಯವರ್ಮ ಪಟ್ಟಕ್ಕೆ ಬಂದ, ಅಂಗ್ಕೋರ್ ವಾಟ್ ಅವನ ಕಾಲದ್ದು. ಇಲ್ಲಿ ಬಳಪದ ಕಲ್ಲು, ಅಲ್ಲಿ ಮರಳುಗಲ್ಲು. ಒಂದೇ ಕಾಲದಲ್ಲಿ ಎರಡೂ ಕಡೆ ಉಳಿಯ ಸದ್ದು ಕೇಳುತ್ತಿತ್ತು ಎಂದು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಮಧ್ಯಾಹ್ನ ಇಳಿದ ಮೇಲೆ ಮತ್ತೆ ಹೋಗಿ ಪಶ್ಚಿಮದ ಮೊಗಸಾಲೆಯ ಕುರುಕ್ಷೇತ್ರ ನೋಡು. ಶರಶಯ್ಯೆಯ ಮೇಲೆ ಭೀಷ್ಮ ಮಲಗಿದ್ದಾನೆ. ನಿನ್ನ ಅಪ್ಪ ಅವನೆದುರು ಚಪ್ಪಲಿ ಬಿಟ್ಟು ನಿಂತರು.

ಬಂತೇ ಸ್ರೇಗೆ ಒಂದು ದಿನ ಪೂರ್ತಿ ಇಡು. ಅಂಗ್ಕೋರ್‌ಗೆ ಹತ್ತಿರದ ಪಟ್ಟಣ ಸಿಯೆಮ್ ರೀಪ್‌ನಿಂದ ಸುಮಾರು 35 ಕಿಲೋಮೀಟರ್, ಟುಕ್‌ಟುಕ್‌ನಲ್ಲಿ ಹೋಗಬಹುದು. 967ರಲ್ಲಿ ಪ್ರತಿಷ್ಠೆಯಾದ ಶಿವನ ಗುಡಿ, ಗಾತ್ರದಲ್ಲಿ ಚಿಕ್ಕದು, ಕೆಂಪು ಛಾಯೆಯ ಕಲ್ಲು. ಲಕ್ಕುಂಡಿಯ ಬಾಗಿಲವಾಡಗಳನ್ನು ನೋಡಿ ಬೆಳೆದ ನಿನಗೆ ಅಲ್ಲಿಯ ಕುಸುರಿ ಹೊಸದೆನಿಸುವುದಿಲ್ಲ. ಕೈಲಾಸವನ್ನು ಎತ್ತುವ ರಾವಣನನ್ನು ಮಾತ್ರ ತಪ್ಪಿಸಬೇಡ.

ದಾರಿಯಲ್ಲಿ ಪ್ರೆಯಾ ಡಾಕ್ ಎಂಬ ಹಳ್ಳಿ ಸಿಗುತ್ತದೆ. ಅಲ್ಲಿ ಇಳಿಯಲೇಬೇಕು. ರಸ್ತೆಯ ಬದಿಗೇ ಒಲೆ ಹೂಡಿ, ಕೊಪ್ಪರಿಗೆಯಲ್ಲಿ ತಾಳೆಮರದ ರಸ ಕುದಿಸಿ ಬೆಲ್ಲ ಮಾಡುತ್ತಾರೆ. ವಾಸನೆ ಥೇಟ್ ನಮ್ಮ ಗಾಣದ ಮನೆಯದು. ಅದೇ ಊರಿನಲ್ಲಿ ನೆನೆಸಿ ಹುಳಿ ಬರಿಸಿದ ಅಕ್ಕಿಯಿಂದ ಶಾವಿಗೆ ಮಾಡುತ್ತಾರೆ, ‘ನುಮ್ ಬಾನ್ ಚೋಕ್’ ಎನ್ನುತ್ತಾರೆ. ಒಬ್ಬ ಹುಡುಗಿ ಉದ್ದನೆಯ ಸನ್ನೆಗೋಲಿನ ಮೇಲೆ ಕುಳಿತು ತನ್ನ ಭಾರವನ್ನೆಲ್ಲ ಬಿಟ್ಟಳು. ಎಳೆಗಳು ನೇರವಾಗಿ ಕುದಿಯುವ ನೀರಿಗೆ ಇಳಿದವು. ಅವಳ ತಾಯಿ ಅವನ್ನು ತಣ್ಣೀರಿನಲ್ಲಿ ಜಾಲಿಸಿ, ಬೆರಳಿಗೆ ಸುತ್ತಿ, ಸಿಂಬೆ ಮಾಡಿ ಎಲೆಯ ಮೇಲೆ ಸಾಲಾಗಿ ಇಟ್ಟಳು. ನಿನ್ನ ಅಜ್ಜಿ ಬೇಸಿಗೆಯಲ್ಲಿ ಶಾವಿಗೆಗೆ ಕುಳಿತಾಗ ಎಳೆ ಹರಿದರೆ ಮುಖ ಗಂಟಿಕ್ಕುತ್ತಿದ್ದರಲ್ಲ, ಆ ತಾಯಿಯೂ ಹಾಗೆಯೇ ಮಗಳತ್ತ ಒಮ್ಮೆ ನೋಡಿದಳು.

ಅದರ ಮೇಲೆ ಅವರು ಹಾಕಿಕೊಳ್ಳುವುದು ಮೀನಿನ ಹಸಿರು ಸಾರು, ಅದು ನಮಗೆ ನಡೆಯುವುದಿಲ್ಲ. ಅಲ್ಲಿ ತರಕಾರಿಯ ಪದಾರ್ಥಕ್ಕೂ ಮೀನಿನ ರಸ ಬೀಳುತ್ತದೆ, ಆದ್ದರಿಂದ ಕೇಳದೆ ಉಣ್ಣಬೇಡ. ನಾವು ಶಾವಿಗೆ, ಸೌತೆಕಾಯಿ, ಬಾಳೆಹೂವು, ಮೇಲೆ ಪುಡಿ ಮಾಡಿದ ಶೇಂಗಾ ಮತ್ತು ಆ ಬೆಲ್ಲ ಹಾಕಿಸಿಕೊಂಡು ಉಂಡೆವು. ಮೊದಲೆರಡು ದಿನ ಕೋಣೆಯ ಬಾಗಿಲು ಹಾಕಿಕೊಂಡು ರೊಟ್ಟಿ, ಅಗಸಿ ಚಟ್ನಿ ತಿಂದದ್ದಕ್ಕೆ ಆಗ ನನಗೆ ನಿಜವಾಗಿ ಬೇಸರವಾಯಿತು. ಬಿದಿರಿನ ಕೊಳವೆಯಲ್ಲಿ ತೆಂಗಿನ ಹಾಲು, ಕಾಳು ಸೇರಿಸಿ ಸುಟ್ಟ ಅಂಟು ಅಕ್ಕಿಯ ಅನ್ನವೂ ಸಿಗುತ್ತದೆ, ‘ಕ್ರಲಾನ್’ ಎಂದು ಕೇಳು. ಬಿದಿರನ್ನು ಬಾಳೆಹಣ್ಣಿನ ಸಿಪ್ಪೆಯಂತೆ ಸೀಳಿಕೊಂಡು ತಿನ್ನಬೇಕು. ತೆಂಗಿನ ಹಾಲಿನ ‘ಅಮೋಕ್’ ಮೂಲತಃ ಮೀನಿನದು, ಅಣಬೆ ಹಾಕಿ ಮಾಡಿಕೊಡುವ ಹೋಟೆಲುಗಳೂ ಇವೆ. ಬ್ಯಾಡಗಿ ಮೆಣಸಿನಕಾಯಿಯ ಪಕ್ಕದಲ್ಲೇ ಬೆಳೆದ ನಿನಗೆ ಅವರ ಅಡುಗೆ ಸಪ್ಪೆ ಎನ್ನಿಸಬಹುದು. ಚಟ್ನಿ ಪುಡಿ ತೆಗೆಯುವ ಮುಂಚೆ ನಾಲ್ಕು ತುತ್ತು ಹಾಗೇ ಉಣ್ಣು, ಮಜ್ಜಿಗೆ ಹುಲ್ಲಿನ ಘಮ ಆಮೇಲೆ ಬರುತ್ತದೆ.

ಕಾಲಲ್ಲಿ ಶಕ್ತಿಯಿದ್ದರೆ ಕ್ಬಾಲ್ ಸ್ಪಿಯಾನ್ ಬೆಟ್ಟ ಹತ್ತು. ಹೊಳೆಯ ಪಾತ್ರದಲ್ಲೇ ಲಿಂಗಗಳನ್ನು ಕೆತ್ತಿದ್ದಾರೆ, ಶಿರಸಿಯ ಹತ್ತಿರ ನಮ್ಮ ಶಾಲ್ಮಲೆಯಲ್ಲಿ ಇರುವಂತೆಯೇ.

ಪ್ರವೇಶದ ಪಾಸು ಮೂರು ದಿನಕ್ಕೆ 62 ಡಾಲರ್ ಇತ್ತು, ಹತ್ತು ದಿನದೊಳಗೆ ಯಾವ ಮೂರು ದಿನವಾದರೂ ಬಳಸಬಹುದು. ಹಾಗಾಗಿ ನಡುವೆ ಒಂದು ದಿನ ಗುಡಿಯಿಲ್ಲದೆ ಸಂತೆ ಸುತ್ತು. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇಟ್ಟುಕೋ.

ಬರುವಾಗ ತಾಳೆಗರಿಯಲ್ಲಿ ಸುತ್ತಿದ ಬೆಲ್ಲ ತಾ, ನಿನ್ನ ಅಪ್ಪನಿಗೆ ಅದರ ರುಚಿ ಇನ್ನೂ ನಾಲಿಗೆಯಲ್ಲಿದೆ. ‘ಇವರು ಮೀನು, ಮಾಂಸ ತಿನ್ನುವುದಿಲ್ಲ’ ಎಂದು ನಾವು ಇಳಿದುಕೊಂಡಿದ್ದ ಲಾಡ್ಜಿನ ಹುಡುಗ ಖಮೇರ್ ಅಕ್ಷರದಲ್ಲಿ ಬರೆದುಕೊಟ್ಟ ಚೀಟಿಯನ್ನು ಈ ಪತ್ರದೊಳಗೆ ಇಟ್ಟಿದ್ದೇನೆ. ಮಡಿಕೆಯ ಹತ್ತಿರ ಹರಿಯುತ್ತಾ ಬಂದಿದೆ, ಮೆಲ್ಲಗೆ ಬಿಚ್ಚು.

ನಿನ್ನ
ಅವ್ವ