ಸುಮಾಳಿಗೆ, ಕೈಗಡಿಯಾರದ ಅಂಕಿಗಳ ವಿಷಯವಾಗಿ

ಚಿ. ಸುಮಾಳಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಕೋವಿಡ್ ವಾಸಿಯಾಗಿ ಆರು ವಾರ ಕಳೆದರೂ ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಡವಗುಟ್ಟುತ್ತದೆ, ಮನೆಯವರು ಅದನ್ನು ಬರಿಯ ಅಳುಕೆನ್ನುತ್ತಾರೆ ಎಂದು ನೀನು ಬರೆದದ್ದನ್ನು ಓದಿ ಸಂಕಟವಾಯಿತು. ಮಗೂ, ನಿನ್ನ ಮಾತನ್ನು ನಾನು ನಂಬುತ್ತೇನೆ. ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆ 2020ರಲ್ಲಿ ಆರಂಭಿಸಿದ ‘ಡಿಟೆಕ್ಟ್’ ಅಧ್ಯಯನದಲ್ಲಿ, ಸೋಂಕು ದೃಢಪಟ್ಟ 234 ಜನರ ಸ್ಮಾರ್ಟ್‌ವಾಚ್ ಮೊದಲಾದ ಸಾಧನಗಳ ದಾಖಲೆಯನ್ನು ಪರಿಶೀಲಿಸಿದಾಗ, ಅವರ ನಿದ್ರೆ ಸರಾಸರಿ 24 ದಿನಗಳಲ್ಲಿ, ನಡಿಗೆ 32 ದಿನಗಳಲ್ಲಿ ಮೊದಲಿನಂತಾದರೂ, ವಿಶ್ರಾಂತಿಯಲ್ಲಿರುವಾಗಿನ ನಾಡಿಬಡಿತ ಹಿಂದಿನ ಮಟ್ಟಕ್ಕೆ ಮರಳಲು 79 ದಿನ ಹಿಡಿಯಿತು. ಏಳರಲ್ಲಿ ಒಬ್ಬರಿಗೆ ಹತ್ತಿರ ಹತ್ತಿರ, ನಿಮಿಷಕ್ಕೆ 5ಕ್ಕೂ ಹೆಚ್ಚು ಏರಿದ ಬಡಿತ 133 ದಿನ ಕಳೆದರೂ ಇಳಿದಿರಲಿಲ್ಲ. ಅದು ಲಸಿಕೆ ವ್ಯಾಪಕವಾಗುವ ಮುಂಚಿನ ಕಾಲದ ಲೆಕ್ಕ, ನಿನಗೂ ಅಷ್ಟೇ ದಿನವೆಂದು ತಿಳಿಯಬೇಡ. ಆದರೆ ಓಡಾಡತೊಡಗಿದವರೆಲ್ಲ ಗುಣವಾದವರೆಂಬ ನಮ್ಮ ನಂಬಿಕೆ ಎಷ್ಟು ತಪ್ಪೆಂಬುದನ್ನು ಅದು ತೋರಿಸುತ್ತದೆ.

ನಿನ್ನ ಗಡಿಯಾರದಲ್ಲಿ ಕಾಯಿಲೆಗೆ ಮುಂಚಿನ ತಿಂಗಳುಗಳ ಅಂಕಿಗಳೂ ಇವೆಯಲ್ಲ, ಅವೇ ನಿನಗೆ ಅಳತೆಗೋಲು. ಗೆಳತಿಯ ನಾಡಿಬಡಿತದೊಡನೆ ನಿನ್ನದನ್ನು ಹೋಲಿಸಬೇಡ. ನಿದ್ದೆಗೆಟ್ಟ ರಾತ್ರಿ, ಮುಟ್ಟಿನ ದಿನಗಳು, ಸಡಿಲವಾದ ಪಟ್ಟಿ, ಇವೆಲ್ಲ ಒಂದು ದಿನದ ಅಂಕಿಯನ್ನು ಏರುಪೇರು ಮಾಡುವುದರಿಂದ ವಾರದ ಸರಾಸರಿಯನ್ನಷ್ಟೇ ನೋಡು. ಜೊತೆಗೆ ಪ್ರತಿರಾತ್ರಿ ಒಂದು ಪುಸ್ತಕದಲ್ಲಿ ಅಂದಿನ ಕೆಲಸ, ಆಯಾಸ, ತಲೆಸುತ್ತುಗಳನ್ನು ಎರಡು ಸಾಲು ಬರೆದಿಡು, ಏಕೆಂದರೆ ಸುಸ್ತನ್ನು ಅಳೆಯಲು ಗಡಿಯಾರಕ್ಕೆ ಬರುವುದಿಲ್ಲ. 2006ರಲ್ಲಿ ನನಗೆ ಚಿಕೂನ್‌ಗುನ್ಯಾ ಬಂದು ಕೀಲುನೋವು ತಿಂಗಳುಗಟ್ಟಲೆ ಉಳಿದಾಗ, ನೋವು ಯಾವಾಗ ಹೆಚ್ಚುತ್ತದೆಂದು ವೈದ್ಯರು ಕೇಳಿದರೆ ನನ್ನಲ್ಲಿ ಉತ್ತರವಿರಲಿಲ್ಲ, ಅವರೂ ಮತ್ತೆ ಕೇಳಲಿಲ್ಲ.

ಒಂದು ವಿಷಯವನ್ನು ಮಾತ್ರ ಒತ್ತಾಯಿಸಿ ಹೇಳುತ್ತೇನೆ: ದಿನಕ್ಕೆ ಹತ್ತು ಸಾವಿರ ಹೆಜ್ಜೆಯ ಗುರಿಯನ್ನು ಇಂದೇ ತೆಗೆದುಹಾಕು. ವೈರಾಣು ಸೋಂಕಿನ ನಂತರ ಕೆಲವರಿಗೆ ಮಾಡಿದ ಶ್ರಮದ ಪೆಟ್ಟು ಅಂದೇ ತಗಲದೆ ಮರುದಿನವೋ ಅದರಾಚೆಯ ದಿನವೋ ತಗಲುತ್ತದೆ. ಹಾಗೆ ಹಾಸಿಗೆ ಹಿಡಿಸಿದ ದಿನಗಳ ಹಿಂದಿನ ಎರಡು ದಿನ ಎಷ್ಟು ನಡೆದಿದ್ದೆ ಎಂದು ತಿರುವಿ ನೋಡಿದರೆ ನಿನ್ನ ಮಿತಿ ನಿನಗೇ ತಿಳಿಯುತ್ತದೆ. ಅದರೊಳಗೇ ಇರು, ಯಾರು ಸೋಮಾರಿ ಎಂದರೂ ಸರಿಯೇ.

ಆ ಪುಸ್ತಕವನ್ನೂ ವಾರವಾರದ ಸರಾಸರಿಯನ್ನೂ ವೈದ್ಯರಿಗೆ ತೋರಿಸು. ರಕ್ತಹೀನತೆಯಿಂದಲೂ ಥೈರಾಯ್ಡ್‌ನಿಂದಲೂ ಎದೆಬಡಿತ ಏರಬಹುದಾದ್ದರಿಂದ ಆ ಪರೀಕ್ಷೆಗಳನ್ನೂ ಇ.ಸಿ.ಜಿ.ಯನ್ನೂ ಮಾಡಿಸಬೇಕೇ ಎಂದು ಕೇಳು. ಎದೆನೋವು, ಉಸಿರುಗಟ್ಟುವಿಕೆ, ಕಣ್ಣುಕತ್ತಲೆ ಬಂದರೆ ಗಡಿಯಾರ ಏನೇ ತೋರಿಸುತ್ತಿರಲಿ, ತಡಮಾಡದೆ ಆಸ್ಪತ್ರೆಗೆ ಹೋಗು. ಭಾನುವಾರ ಫೋನ್ ಮಾಡುತ್ತೇನೆ, ಹಳೆಯ ತಿಂಗಳುಗಳ ಅಂಕಿಗಳನ್ನು ಬರೆದಿಟ್ಟುಕೊಂಡಿರು.

ಇಂತಿ,
ನಿನ್ನ ಮಾವ