ಡಿಸ್ಕ್ ಕೆಟ್ಟ ಮೇಲಿನ ಲೆಕ್ಕ

ಚಿರಂಜೀವಿ ಪುಟ್ಟಿಗೆ ಸೋದರಮಾವನ ಆಶೀರ್ವಾದಗಳು.

ಹೊಸ ಸರ್ವರಿಗೆ 16 ಟಿಬಿಯ ಆರು ಡಿಸ್ಕ್ ಹಾಕಿ ರೇಡ್ 5 (ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವಂತೆ ಹಲವು ಡಿಸ್ಕುಗಳನ್ನು ಒಂದಾಗಿ ಜೋಡಿಸುವ ವಿಧಾನ) ಮಾಡ್ತೀವಿ, ಒಂದು ಡಿಸ್ಕಿನ ಜಾಗ ಹೋದರೂ 80 ಟಿಬಿ ಉಳಿಯುತ್ತೆ ಅಂತ ಬರೆದಿದ್ದೀಯ. ಜಾಗದ ಲೆಕ್ಕ ಸರಿ. ಆದರೆ ಸಿಸ್ಟಮ್ ಹಗಲೂ ರಾತ್ರಿ ನಿಲ್ಲಬಾರದು ಅಂತಲೂ ನೀನೇ ಬರೆದಿದ್ದೀಯಲ್ಲ. ಹಾಗಿದ್ದರೆ ಮೊದಲು ಹಾಕಬೇಕಾದ ಲೆಕ್ಕವೇ ಬೇರೆ: ಒಂದು ಡಿಸ್ಕ್ ಕೆಟ್ಟಾಗಿನಿಂದ ಹೊಸದು ಪೂರ್ತಿ ತುಂಬುವ ತನಕ ನಿನ್ನ ಗತಿ ಏನು?

ಮೂರು ಡಿಸ್ಕಿನಲ್ಲಿ 1, 0, 1 ಇದೆ ಅಂದುಕೋ. ಒಂದುಗಳು ಎರಡು, ಸಮಸಂಖ್ಯೆ. ಹಾಗಾಗಿ ಪ್ಯಾರಿಟಿ, ಅಂದರೆ ಒಂದುಗಳ ಸಂಖ್ಯೆ ಸಮ ಆಗುವಂತೆ ಜೊತೆಗೆ ಬರೆದಿಡುವ ಬಿಟ್, 0. ಮೂರನೆಯ ಡಿಸ್ಕ್ ಹೋಯಿತು ಅನ್ನು. ಉಳಿದದ್ದು 1, 0 ಮತ್ತು ಪ್ಯಾರಿಟಿಯ 0. ಒಂದುಗಳು ಸಮ ಆಗಬೇಕಾದರೆ ಕಳೆದದ್ದು 1 ಆಗಿರಲೇಬೇಕು. ಕಳೆದ ಒಂದೊಂದು ಬಿಟ್ ಹುಡುಕುವುದಕ್ಕೂ ಉಳಿದ ಎಲ್ಲ ಡಿಸ್ಕುಗಳನ್ನೂ ಓದಬೇಕು ಅನ್ನೋದನ್ನ ಗಮನಿಸು. ನಿನ್ನ ಲೆಕ್ಕದಲ್ಲಿ ಅದು ಐದು ಡಿಸ್ಕು, 80 ಟಿಬಿ, ಮೊದಲಿಂದ ಕೊನೆ ತನಕ. ಸೆಕೆಂಡಿಗೆ 200 ಎಂಬಿ ವೇಗದಲ್ಲಿ ಬರೆದರೂ 16 ಟಿಬಿ ತುಂಬಲು ಸುಮಾರು 22 ಗಂಟೆ ಬೇಕು. ಜೊತೆಗೆ ಬಳಕೆದಾರರ ಕೆಲಸವೂ ನಡೀತಿದ್ದರೆ ದಿನಗಟ್ಟಲೆ ಹಿಡಿಯುತ್ತೆ. ಅಷ್ಟೂ ಹೊತ್ತು ಇನ್ನೊಂದು ಡಿಸ್ಕ್ ಕೈಕೊಟ್ಟರೆ ಮುಗೀತು.

ಇನ್ನೊಂದು ಡಿಸ್ಕ್ ಪೂರ್ತಿ ಸಾಯಲೇಬೇಕು ಅಂತಲೂ ಇಲ್ಲ. ಸಾಮಾನ್ಯ ಡಿಸ್ಕುಗಳ ವಿವರಪಟ್ಟಿಯಲ್ಲಿ 10ರ 14ನೇ ಘಾತದಷ್ಟು ಬಿಟ್ ಓದಿದರೆ, ಅಂದರೆ ಸುಮಾರು 12.5 ಟಿಬಿಗೆ, ಓದಲಾಗದ ಒಂದು ಸೆಕ್ಟರ್ (ಡಿಸ್ಕಿನ ಒಂದು ಸಣ್ಣ ತುಣುಕು) ಸಿಗಬಹುದು ಅಂತ ಇರುತ್ತೆ. ನಿಜದಲ್ಲಿ ಡಿಸ್ಕುಗಳು ಇದಕ್ಕಿಂತ ಚೆನ್ನಾಗೇ ನಡೆದುಕೊಳ್ಳುತ್ತವೆ, ಆದರೂ ಅದನ್ನೇ ನಂಬಿ ಕೂರಬೇಡ. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಈ ರೇಡ್ ವಿಚಾರ ಮುಂದಿಟ್ಟಾಗ ಅವರ ಕಣ್ಣಮುಂದಿದ್ದ ಚಿಕ್ಕ ಡಿಸ್ಕು 100 ಎಂಬಿಯದು. ರೀಬಿಲ್ಡ್, ಅಂದರೆ ಹೊಸ ಡಿಸ್ಕನ್ನು ಮತ್ತೆ ತುಂಬುವುದು, ಆಗ ನಿಮಿಷಗಳ ಮಾತು.

ಹಾಗಾದರೆ ಯಾವುದು? ದೊಡ್ಡ ಫೈಲುಗಳು, ಬರೆಯುವುದಕ್ಕಿಂತ ಓದುವುದೇ ಹೆಚ್ಚು ಅಂತಾದರೆ ರೇಡ್ 6. ಯಾವ ಎರಡು ಡಿಸ್ಕ್ ಹೋದರೂ ತಡೆಯುತ್ತೆ. ಡೇಟಾಬೇಸ್ ಆದರೆ ಕಣ್ಣುಮುಚ್ಚಿ ರೇಡ್ 10. ಅದರಲ್ಲಿ ಡಿಸ್ಕುಗಳು ಜೋಡಿ ಜೋಡಿ, ಜೋಡಿಯ ಎರಡರಲ್ಲೂ ಒಂದೇ ಡೇಟಾ. ಒಂದು ಸಣ್ಣ ಬರಹಕ್ಕೆ ಅದು ಎರಡು ಡಿಸ್ಕ್ ಕೆಲಸ ಮಾಡಿದರೆ, ರೇಡ್ 5 ನಾಲ್ಕು ಮಾಡುತ್ತೆ, ರೇಡ್ 6 ಆರು. ರೀಬಿಲ್ಡ್ ಸಹ ಜೋಡಿ ಡಿಸ್ಕಿನ ಬರೀ ನಕಲು. ಅರ್ಧ ಜಾಗ ಹೋಗುತ್ತೆ, ನಿಜ. ಒಂದೇ ಜೋಡಿಯ ಎರಡೂ ಹೋದರೆ ಎಲ್ಲವೂ ಹೋದಂತೆ, ಅದನ್ನೂ ಮುಚ್ಚಿಡಲ್ಲ. ಅದಕ್ಕೇ ಒಂದು ಹಾಟ್ ಸ್ಪೇರ್, ಅಂದರೆ ಕೆಟ್ಟದ್ದರ ಜಾಗಕ್ಕೆ ತಾನಾಗಿ ಬರುವ ಸಿದ್ಧ ಡಿಸ್ಕ್, ಇಡು. ನಡುರಾತ್ರಿ ಡಿಸ್ಕ್ ಕೆಟ್ಟರೆ ಯಾರೂ ಎದ್ದು ಬರುವ ತನಕ ಕಾಯಬೇಕಿಲ್ಲ.

ಡಿಸ್ಕ್ ಕೊಳ್ಳುವಾಗ ಎಲ್ಲವೂ ಒಂದೇ ಬ್ಯಾಚಿನದು ಬೇಡ. ಒಟ್ಟಿಗೆ ತಯಾರಾಗಿ ಒಂದೇ ಭಾರ ಹೊತ್ತವು ಒಟ್ಟೊಟ್ಟಿಗೇ ಕೆಡುವ ಸಂಭವ ಹೆಚ್ಚು. ಮನೆ ಕಂಪ್ಯೂಟರಿನ ಡಿಸ್ಕುಗಳೂ ಬೇಡ. ಕೆಟ್ಟ ಸೆಕ್ಟರನ್ನು ಓದಲೇಬೇಕು ಅಂತ ಅವು ಹಟ ಹಿಡಿದು ಕೂತರೆ, ಡಿಸ್ಕುಗಳನ್ನು ನಡೆಸುವ ಕಂಟ್ರೋಲರ್, ಡಿಸ್ಕೇ ಸತ್ತಿತು ಅಂತ ಹೊರಗೆ ಹಾಕುತ್ತೆ. ರೇಡ್‌ಗೆಂದೇ ಮಾಡಿದವು ಸಾಮಾನ್ಯವಾಗಿ 7 ಸೆಕೆಂಡಿಗೆ ಕೈಚೆಲ್ಲಿ ಕೆಲಸವನ್ನು ಕಂಟ್ರೋಲರಿಗೆ ಬಿಡುತ್ತವೆ. ತಿಂಗಳಿಗೊಮ್ಮೆ ಸ್ಕ್ರಬ್ (ಎಲ್ಲ ಡಿಸ್ಕುಗಳನ್ನೂ ಓದಿ ಪರೀಕ್ಷಿಸುವ ಕೆಲಸ) ಓಡಿಸು, ಅಡಗಿ ಕೂತ ಕೆಟ್ಟ ಸೆಕ್ಟರುಗಳು ರೀಬಿಲ್ಡ್ ದಿನಕ್ಕೆ ಮುಂಚೆಯೇ ಸಿಗಲಿ.

ಇಷ್ಟೆಲ್ಲ ಮಾಡಿ ಕಂಟ್ರೋಲರ್ ಒಂದೇ, ಕೇಬಲ್ ಒಂದೇ, ಪವರ್ ಸಪ್ಲೈ ಒಂದೇ ಇದ್ದರೆ ಡಿಸ್ಕ್ ಉಳಿದೂ ಸರ್ವರ್ ನಿಲ್ಲುತ್ತೆ. ಎರಡು ಕಂಟ್ರೋಲರ್, ಎರಡು ದಾರಿ ಇರಲಿ. ಬರೆಯಬೇಕಾದದ್ದನ್ನು ಕಂಟ್ರೋಲರ್ ತಾತ್ಕಾಲಿಕವಾಗಿ ಹಿಡಿದಿಡುವ ಕ್ಯಾಶ್‌ಗೆ ಬ್ಯಾಟರಿ ಇದೆಯಾ ನೋಡು. ಬ್ಯಾಕಪ್ ಬೇರೆಯೇ ವಿಷಯ. ಯಾರೋ ತಪ್ಪಿ ಟೇಬಲ್ ಅಳಿಸಿದರೆ ರೇಡ್ ಅದನ್ನೂ ಅಷ್ಟೇ ನಿಷ್ಠೆಯಿಂದ ಎಲ್ಲ ಕಡೆ ಅಳಿಸುತ್ತೆ.

ಚಾಲೂ ಮಾಡುವ ಮುಂಚೆ, ಪೂರ್ತಿ ಭಾರ ಇರುವಾಗಲೇ ಒಂದು ಡಿಸ್ಕ್ ಕಿತ್ತು ನೋಡು. ಎಚ್ಚರಿಕೆಯ ಮೇಲ್ ಬಂತಾ, ರೀಬಿಲ್ಡ್‌ಗೆ ಎಷ್ಟು ಹೊತ್ತು ಹಿಡೀತು, ಅಷ್ಟರಲ್ಲಿ ವೇಗ ಎಷ್ಟು ಕುಸೀತು ಅಂತ ಬರೆದಿಟ್ಟು ನನಗೂ ಕಳಿಸು. ಆರ್ಡರ್ ಹಾಕುವ ಮೊದಲು ಕಂಟ್ರೋಲರಿನ ಮಾಡೆಲ್ ತಿಳಿಸು, ನೋಡಿ ಹೇಳ್ತೀನಿ.

ಇಂತಿ ನಿನ್ನ ಪ್ರೀತಿಯ
ಮಾವ