ಕ್ಯಾತಿಟರ್ ವಿಷಯದಲ್ಲಿ ಎರಡು ಬದಲಾವಣೆ: ನಮ್ಮ ಗ್ರಾಹಕರಿಗೆ ಪತ್ರ

ನಮ್ಮ ಗ್ರಾಹಕರಿಗೆಲ್ಲ ನಮಸ್ಕಾರ.

ಈ ತಿಂಗಳಿಂದ ಎರಡು ಬದಲಾವಣೆ ಮಾಡಿದ್ದೇವೆ. ಫೋಲಿ ಕ್ಯಾತಿಟರ್ ಅಂದರೆ ಮೂತ್ರ ಹೊರಗೆ ಹೋಗಲು ಮೂತ್ರಕೋಶದೊಳಗೆ ಇಡುವ ನಳಿಕೆ, ಒಳತುದಿಯ ಸಣ್ಣ ನೀರಿನ ಬಲೂನ್ ಅದನ್ನು ಜಾರದಂತೆ ಹಿಡಿದಿಡುತ್ತದೆ. ಹೆಂಗಸರಿಗೆ ಕೊಡುವ ಫೋಲಿ ಕ್ಯಾತಿಟರ್‌ಗಳಲ್ಲಿ ರಬ್ಬರಿನದ್ದನ್ನು, ಅಂದರೆ ಲೇಟೆಕ್ಸ್‌ನದ್ದನ್ನು ನಿಲ್ಲಿಸಿದ್ದೇವೆ. ಇನ್ನು ಮುಂದೆ ಪೂರ್ತಿ ಸಿಲಿಕಾನ್‌ನದ್ದು ಮಾತ್ರ. ಎರಡನೆಯದು, ಡಾಕ್ಟರ್ ಅಥವಾ ನರ್ಸ್ ಬರೆದ ಚೀಟಿ ಇಲ್ಲದೆ ಫೋನಿನಲ್ಲಿ "ಒಂದು ನಂಬರ್ ದೊಡ್ಡದು ಕಳಿಸಿ" ಅಂದರೆ ಕಳಿಸುವುದಿಲ್ಲ. ಎರಡಕ್ಕೂ ಸಾಕಷ್ಟು ಬೈಸಿಕೊಂಡಿದ್ದೇವೆ. ಆಪರೇಷನ್ ಮುಗಿಸಿ ಮನೆಗೆ ಬಂದು, ನೆಟ್ಟಗೆ ಕೂರಲೂ ಆಗದೆ ಒದ್ದಾಡುವಾಗ ಹೊಸ ನಿಯಮ ಕೇಳಿದರೆ ಯಾರಿಗಾದರೂ ಕೋಪ ಬರುತ್ತದೆ. ನಿಮಗೆ ಆದ ತೊಂದರೆಗೆ ಕ್ಷಮೆ ಕೇಳುತ್ತೇವೆ. ಬದಲಾವಣೆಯನ್ನು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ.

ದುಡ್ಡಿನ ಮಾತು ಮೊದಲು ಮುಗಿಸೋಣ. "ಜಾಸ್ತಿ ಲಾಭಕ್ಕೆ ಅಗ್ಗದ್ದು ನಿಲ್ಲಿಸಿದ್ರಿ" ಅನ್ನುವ ಮಾತು ನಮಗೆ ನೋವು ಕೊಟ್ಟಿದೆ. ಸಿಲಿಕಾನ್‌ನದ್ದು ನಮಗೇ ಜಾಸ್ತಿ ಬೆಲೆಗೆ ಬರುತ್ತದೆ. ಒಬ್ಬರಿಗೆ 12, ಇನ್ನೊಬ್ಬರಿಗೆ 14 ಬೇಕು ಅಂತ ಎಲ್ಲ ಸೈಜೂ ಇಟ್ಟುಕೊಂಡಿರಬೇಕು. ಅವಧಿ ಮುಗಿದದ್ದನ್ನು ನಾವೇ ಎಸೆಯಬೇಕು. ಇನ್ನು ವಾಪಸ್ ಬರುವ ಮಾಲು. ಪೊಟ್ಟಣದ ಅಂಚು ಒಂದು ಬೆರಳಷ್ಟು ಬಿಚ್ಚಿದ್ದರೂ ಒಳಗಿನದು ಸ್ಟೆರೈಲ್ (ರೋಗಾಣು ಇಲ್ಲದ್ದು) ಅಲ್ಲ. ನಳಿಕೆ ಕೈ ತಾಕದೆ ಹೊಸದಾಗಿಯೇ ಇರುತ್ತದೆ. ಆದರೂ ಅದನ್ನು ಇನ್ನೊಬ್ಬ ಹೆಣ್ಣುಮಗಳಿಗೆ ಕೊಡಲು ಆಗುವುದಿಲ್ಲ. ಬೆಲೆ ಪೂರ್ತಿ ನಮ್ಮ ತಲೆ ಮೇಲೆ. ಇಷ್ಟು ಸಲ ನುಂಗಿಕೊಂಡಿದ್ದೇವೆ, ಯಾರ ಮುಂದೂ ಹೇಳಿಕೊಂಡಿರಲಿಲ್ಲ.

"ನಮಗೆ ಬೇಕಿರೋದು ಹತ್ತು ದಿನಕ್ಕೆ, 12 ವಾರ ಇಡಬಹುದಾದ್ದು ಯಾಕೆ?" ಅಂತಲೂ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ನಾವು ನೋಡಿದ್ದು ಬಾಳಿಕೆಯನ್ನಲ್ಲ. ಲೇಟೆಕ್ಸ್ ಕೆಲವರಿಗೆ ಅಲರ್ಜಿ. ಹಲವು ಸಲ ಆಪರೇಷನ್ ಆದವರಲ್ಲಿ ಅದು ಇನ್ನೂ ಜಾಸ್ತಿ, ಎಷ್ಟೋ ಜನಕ್ಕೆ ತಮಗೆ ಹಾಗಿದೆ ಅಂತ ಮೊದಲೇ ಗೊತ್ತಿರುವುದಿಲ್ಲ. ಇನ್ನೊಂದು, ಸಿಲಿಕಾನ್ ನಳಿಕೆಯ ಗೋಡೆ ತೆಳು. ಹೊರಗಿನ ದಪ್ಪ ಅಷ್ಟೇ ಇದ್ದರೂ ಒಳಗಿನ ದಾರಿ ಅಗಲ. ಗರ್ಭಕೋಶ ತೆಗೆಸಿದವರಿಗೆ, ಜಾರಿದ ಗರ್ಭಕೋಶವನ್ನು ಸರಿಮಾಡಿಸಿಕೊಂಡವರಿಗೆ ಮೊದಲ ದಿನಗಳಲ್ಲಿ ಸಣ್ಣ ರಕ್ತದ ಗರಣೆ ಬಂದರೆ ಅಲ್ಲಿ ಸಿಕ್ಕಿಕೊಳ್ಳುವುದು ಕಡಿಮೆ. ಸಿಲಿಕಾನ್‌ಗೂ ಒಂದು ಕೊರತೆ ಇದೆ. ಬಲೂನಿನ ನೀರು ದಿನ ಕಳೆದಂತೆ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಅದನ್ನು ನರ್ಸ್ ನೋಡಿಕೊಳ್ಳಲಿ, ನೀವಾಗಿ ಸಿರಿಂಜ್ ಹಾಕಬೇಡಿ.

ಈಗ ಎರಡನೆಯ ಬದಲಾವಣೆಗೆ ಕಾರಣವಾದ ದೂರಿಗೆ ಬರುತ್ತೇವೆ. "ಪೈಪ್ ಪಕ್ಕದಿಂದ ಸೋರ್ತಿದೆ, ಇದು ಸಣ್ಣದಾಯ್ತು, ದಪ್ಪದ್ದು ಕಳಿಸಿ." ಇದನ್ನು ಕೇಳದ ವಾರವಿಲ್ಲ. ಬಾಟಲಿಗೆ ಬಿರಡೆ ಸಡಿಲವಾದರೆ ದೊಡ್ಡದು ಹಾಕುತ್ತೇವಲ್ಲ, ಹಾಗೆ ಅನ್ನಿಸುವುದು ಸಹಜ. ಆದರೆ ಇಲ್ಲಿ ಅದು ನಡೆಯುವುದಿಲ್ಲ. ಪಕ್ಕದಿಂದ ಸೋರುವುದು ಹೆಚ್ಚಿನ ಸಲ ಮೂತ್ರಕೋಶಕ್ಕೆ ಸೆಳೆತ ಬಂದಾಗ. ಒಳಗೆ ಕೂತ ಬಲೂನನ್ನು ಅದು ಹೊರಗೆ ದಬ್ಬಲು ನೋಡುತ್ತದೆ, ಆಗ ಹೊಟ್ಟೆಯ ಕೆಳಗೆ ಹಿಂಡಿದ ಹಾಗೆ ನೋವಾಗಿ ಮೂತ್ರ ಪಕ್ಕದಿಂದ ನುಗ್ಗುತ್ತದೆ. ದಪ್ಪ ನಳಿಕೆ, ದೊಡ್ಡ ಬಲೂನ್ ಹಾಕಿದರೆ ಮೂತ್ರಕೋಶ ಇನ್ನೂ ಕೆರಳುತ್ತದೆ, ಸೋರುವುದೂ ಜಾಸ್ತಿಯಾಗುತ್ತದೆ. ಹೆಂಗಸರ ಮೂತ್ರನಾಳ ಹೆಚ್ಚುಕಡಿಮೆ 4 ಸೆಂಟಿಮೀಟರ್ ಅಷ್ಟೇ. ಹಸಿ ಹೊಲಿಗೆ ಅದರ ಪಕ್ಕದಲ್ಲೇ ಇರುತ್ತದೆ. ಅಲ್ಲಿಗೆ ದಪ್ಪದ್ದನ್ನು ನಾವು ಅಂದಾಜಿನ ಮೇಲೆ ಕಳಿಸಬೇಕಾ?

ಹೆಂಗಸರಿಗೆ ಸಾಮಾನ್ಯವಾಗಿ 12 ಇಲ್ಲವೇ 14 ಸಾಕು. ನಂಬರನ್ನು 3ರಿಂದ ಭಾಗಿಸಿ, ಅಷ್ಟು ಮಿಲಿಮೀಟರ್ ದಪ್ಪ. 12 ಅಂದರೆ 4 ಮಿಲಿಮೀಟರ್. ನಿಮ್ಮದು ಯಾವುದು ಅಂತ ಗೊತ್ತಿಲ್ಲದಿದ್ದರೆ ನಳಿಕೆಯ ಹೊರತುದಿಯ ಬಣ್ಣ ನೋಡಿ. ಬಿಳಿ ಇದ್ದರೆ 12, ಹಸಿರು 14, ಕಿತ್ತಳೆ 16. ಬಲೂನ್ ಎಷ್ಟು ಮಿಲಿಲೀಟರಿನದು ಅನ್ನುವುದೂ ಅಲ್ಲೇ ಅಚ್ಚಾಗಿರುತ್ತದೆ.

ಸೋರಿದರೆ ಮೊದಲು ನಳಿಕೆ ಮಡಚಿದೆಯಾ, ತೊಡೆ ಕೆಳಗೆ ಸಿಕ್ಕಿದೆಯಾ ನೋಡಿ. ಮೂತ್ರ ತುಂಬುವ ಬ್ಯಾಗ್ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು. ತೊಡೆಗೆ ಕಟ್ಟುವ ಪಟ್ಟಿ ನಳಿಕೆಯನ್ನು ಜಗ್ಗಬಾರದು. ಮಲಬದ್ಧತೆ ಇದ್ದರೂ ಒಳಗೆ ಒತ್ತಿ ಸೋರುತ್ತದೆ, ನೋವಿನ ಮಾತ್ರೆ ತಿನ್ನುವವರಲ್ಲಿ ಇದು ತುಂಬಾ ಕಾಣುತ್ತದೆ. ಇದ್ಯಾವುದೂ ಅಲ್ಲದಿದ್ದರೆ ಡಾಕ್ಟರಿಗೆ ಫೋನ್ ಮಾಡಿ, ಸೆಳೆತಕ್ಕೆ ಔಷಧಿ ಇದೆ. ಬ್ಯಾಗಿಗೆ ಮೂತ್ರವೇ ಬರುತ್ತಿಲ್ಲ, ಹೊಟ್ಟೆಯ ಕೆಳಗೆ ಉಬ್ಬುತ್ತಿದೆ, ಚಳಿಜ್ವರ ಬಂದಿದೆ, ಇಲ್ಲವೇ ಕೆಂಪಗೆ ರಕ್ತ ಹೋಗುತ್ತಿದೆ ಅಂದರೆ ನಮಗಾಗಲಿ ಮರುದಿನಕ್ಕಾಗಲಿ ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ.

ಫೋಲಿ ತೆಗೆದ ಮೇಲೂ ಕೆಲವರಿಗೆ ಮೂತ್ರ ಪೂರ್ತಿ ಖಾಲಿಯಾಗುವುದಿಲ್ಲ. ಅವರಿಗೆ ದಿನಕ್ಕೆ ಕೆಲವು ಸಲ ತಾವೇ ಹಾಕಿ ತೆಗೆಯುವ ಸಣ್ಣ ನಳಿಕೆ ಇದೆ. ಬಲೂನ್ ಇಲ್ಲ, ಬ್ಯಾಗ್ ಹೊತ್ತು ತಿರುಗುವ ಕಷ್ಟವಿಲ್ಲ. "ಮನೆಯಲ್ಲಿ ನಾನೇ ಹಾಕಿಕೊಂಡರೆ ಸೋಂಕಾಗಲ್ವಾ?" ಅಂತ ಹೆದರುತ್ತಾರೆ. ಕೈ ಚೆನ್ನಾಗಿ ತೊಳೆದು ಮಾಡಿದರೆ ಸಾಕು, ಮೂತ್ರಕೋಶ ಉಬ್ಬಲು ಬಿಡದೆ ಆಗಾಗ ಖಾಲಿ ಮಾಡುವುದೇ ಮುಖ್ಯ ಅಂತ ಜ್ಯಾಕ್ ಲ್ಯಾಪಿಡಿಸ್ ಅನ್ನುವ ಅಮೆರಿಕದ ವೈದ್ಯರು 1972ರಲ್ಲೇ ತೋರಿಸಿದರು. ನಮ್ಮ ಅನಿಸಿಕೆ ಕೇಳಿದರೆ, ನರ್ಸ್ ಪಕ್ಕದಲ್ಲಿ ನಿಂತು ಕನ್ನಡಿ ಹಿಡಿದು ಒಮ್ಮೆ ಕಲಿಸಿಕೊಟ್ಟರೆ ತುಂಬಾ ಜನಕ್ಕೆ ಇದೇ ನೆಮ್ಮದಿ. ಇದರಲ್ಲಿ ಹೆಂಗಸರಿಗೆ ಅಂತಲೇ ಗಿಡ್ಡ ನಳಿಕೆ ಇಟ್ಟಿದ್ದೇವೆ. ಫೋಲಿಯಲ್ಲೂ ಗಿಡ್ಡದು ಬರುತ್ತದೆ. ಅದು ಮನೆಯಲ್ಲಿ ಉಳಿದರೆ ದಯವಿಟ್ಟು ಯಾವ ಗಂಡಸರಿಗೂ ಕೊಡಬೇಡಿ. ಬಲೂನ್ ಮೂತ್ರಕೋಶ ತಲುಪುವ ಮೊದಲೇ ನಾಳದೊಳಗೆ ಉಬ್ಬಿ ದೊಡ್ಡ ಗಾಯ ಮಾಡುತ್ತದೆ.

ಬ್ಯಾಗಿನ ಬದಲು ವಾಲ್ವ್ (ನಳಿಕೆಯ ತುದಿಗೆ ಹಾಕಿ, ಬೇಕಾದಾಗ ತೆರೆದು ಮೂತ್ರ ಬಿಡುವ ಸಣ್ಣ ನಲ್ಲಿ) ಹಾಕಿಕೊಳ್ಳಬಹುದಾ ಅಂತ ಕೇಳಿದವರಿಗೆ: ಹಾಕಿಕೊಳ್ಳಬಹುದು, ಆದರೆ ನಿಮ್ಮ ಡಾಕ್ಟರ್ ಒಪ್ಪಿದರೆ ಮಾತ್ರ. ಮೂತ್ರಕೋಶಕ್ಕೇ ಹೊಲಿಗೆ ಬಿದ್ದಿದ್ದರೆ ಅದು ತುಂಬಿಕೊಳ್ಳದೆ ಖಾಲಿಯಾಗಿಯೇ ಇರಬೇಕು.

ಚೀಟಿಯ ಫೋಟೋ ಕಳಿಸಿದರೂ ಸಾಕು, ಯಾರೂ ಎದ್ದು ಬರಬೇಕಾಗಿಲ್ಲ. ಬರವಣಿಗೆ ಅರ್ಥವಾಗದಿದ್ದರೆ ನಾವೇ ವಾರ್ಡಿಗೆ ಫೋನ್ ಮಾಡಿ ಕೇಳುತ್ತೇವೆ. ಈ ವಿಷಯ ಗಂಡಸರ ಹತ್ತಿರ ಮಾತಾಡಲು ಮುಜುಗರ ಅಂದವರಿಗಾಗಿ ಈಗ ಹೆಂಗಸರೇ ಫೋನ್ ಎತ್ತುತ್ತಾರೆ. ಪೊಟ್ಟಣ ಬಿಚ್ಚುವ ಮೊದಲು ನಂಬರ್ ಓದಿ ಹೇಳಿ, ನಾವು ಚೀಟಿ ಜೊತೆ ತಾಳೆ ನೋಡಿ ಹೇಳುತ್ತೇವೆ.

ಇಂತಿ,
ನಿಮ್ಮ ಸಹಕಾರಿಯ ಸಿಬ್ಬಂದಿ